ಮೇಣ ಕರಗುವಷ್ಟು ಹೊತ್ತು

ಸೈಕಲ್ ಚೈನಿಗೆ ಎಣ್ಣೆ ಬಿಡುವುದಕ್ಕೆ ಎರಡು ನಿಮಿಷ ಸಾಕು. ಮೇಣ ಹಿಡಿಸುವುದಕ್ಕೆ ಒಂದು ಗಂಟೆ ಬೇಕು. ಜಾವಾದ ಇಮೊಗಿರಿಯ ಸೈಕಲ್ ರಿಪೇರಿಯ ಕಾಂಗ್ ಪೊನಿರಿನ್ ಅರವತ್ತು ದಾಟಿದ ಮೇಲೆ ಎಣ್ಣೆಯ ಡಬ್ಬಿಯನ್ನು ಮೂಲೆಗೆ ತಳ್ಳಿ ಮೇಣದ ಬಾಣಲೆ ಹಿಡಿದು ಕೂತದ್ದು ಏಕೆಂದು ಊರವರು ಬಾಯಿಗೆ ಬಂದದ್ದು ಹೇಳುತ್ತಾರೆ. ಪಟ್ಟಣದವರ ಶೋಕಿ ತಲೆಗೆ ಹತ್ತಿತು ಎನ್ನುವವರಿದ್ದಾರೆ, ಹೆಂಡತಿ ಸತ್ತ ಮೇಲೆ ಸ್ವಲ್ಪ ಹಾಗಾಗಿದೆ ಎಂದು ತಲೆಯ ಹತ್ತಿರ ಬೆರಳು ತಿರುಗಿಸುವವರೂ ಇದ್ದಾರೆ. ಅವರು ಮೇಣ ಹಿಡಿದದ್ದು ಆ ಒಂದು ಗಂಟೆಗಾಗಿ. ಅಷ್ಟು ಹೊತ್ತಾದರೂ ಯಾರಾದರೂ ತಮ್ಮ ಅಂಗಡಿಯಲ್ಲಿ ಕೂರಲಿ ಎಂದು. ಇದು ಗೊತ್ತಿದ್ದವಳು ನಾನೊಬ್ಬಳೇ, ಏಕೆಂದರೆ ರಸ್ತೆಯ ಈಚೆ ಬದಿಯಲ್ಲಿ ಕೂತು ನೋಡುವುದೇ ನನ್ನ ಕೆಲಸ.

ನನ್ನ ಹೆಸರು ಪಾರಿಂತೆನ್. ಊರಿಗೆಲ್ಲ ನಾನು ಯೂ ಪಾರಿಂತೆನ್, ಅಂದರೆ ಪಾರಿಂತೆನಕ್ಕ. ಕಾಂಗ್ ಪೊನಿರಿನ್ ನನಗಿಂತ ಐದು ವರ್ಷ ದೊಡ್ಡವರು, ನಾನು ಅವರನ್ನು ಕಾಂಗ್, ಅಣ್ಣ ಎಂದೇ ಕರೆಯುವುದು. ಆದರೂ ಮರ್ಯಾದೆಗೆ ಅವರೂ ನನ್ನನ್ನು ಯೂ ಎನ್ನುತ್ತಾರೆ. ಅವರ ಅಂಗಡಿಯ ಎದುರಿಗೆ ನಾನು ಶುಂಠಿ, ಲವಂಗದೆಲೆ, ಕೆಂಪು ಚಕ್ಕೆ ಹಾಕಿ ಕುದಿಸಿದ ಕಷಾಯ ಮಾರುತ್ತೇನೆ, ಜೊತೆಗೆ ಕಡಲೆಬೀಜದ ಗರಿಗರಿ ಪೆಯೆಕ್. ನನ್ನ ಗಂಡ ಬಹಳ ವರ್ಷಗಳ ಹಿಂದೆಯೇ ಸುಮಾತ್ರಾದ ಕಡೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವನ ಮಾತು ಇಲ್ಲಿ ಬೇಡ.

ಕಾಂಗ್ ಪೊನಿರಿನ್‌ರ ಹೆಂಡತಿ ಜುಮಿಯೆಮ್ ಬತಿಕ್ ಬರೆಯುವವಳು, ಅಂದರೆ ಬಟ್ಟೆಯ ಮೇಲೆ ಬಿಸಿ ಮೇಣದಲ್ಲಿ ಚಿತ್ತಾರ ಬಿಡಿಸುವವಳು. ಬತಿಕ್ ಬರೆಯುವ ಹೆಂಗಸರು ಒಬ್ಬೊಬ್ಬರೇ ಕೂರುವುದಿಲ್ಲ. ಇದ್ದಿಲ ಒಲೆ ಒಂದೇ, ಮೇಣದ ಬಾಣಲೆ ಒಂದೇ, ಸುತ್ತ ನಾಲ್ಕು ಜನ, ಮುಂದೆ ಹರಡಿದ ಬಟ್ಟೆ, ಕೈಯಲ್ಲಿ ಸಣ್ಣ ಮೂತಿಯ ತಾಮ್ರದ ಲೇಖನಿ. ಒಬ್ಬಳು ಅದ್ದುವಾಗ ಇನ್ನೊಬ್ಬಳು ಊದಬೇಕು, ಮೂರನೆಯವಳು ಯಾರದೋ ಮನೆಯ ಸೊಸೆಯ ಸುದ್ದಿ ತೆಗೆಯಬೇಕು. ಆ ಜಗಲಿ ಇದ್ದದ್ದು ರಿಪೇರಿ ಅಂಗಡಿಯ ಹಿಂಭಾಗಕ್ಕೆ. ಮೂವತ್ತು ವರ್ಷ ಕಾಂಗ್ ಮುಂದುಗಡೆ ಕೂತು ಪಂಕ್ಚರ್ ಹಾಕುತ್ತ ಹಿಂದುಗಡೆಯ ಮಾತಿಗೆ ಕಿವಿಗೊಟ್ಟಿದ್ದರು. ಗಂಟೆಗೊಮ್ಮೆ ಒಂದು ಮಾತು ಎಸೆಯುವರು. ನಾಲ್ಕೂ ಜನ ಸೇರಿ ಅವರನ್ನು ಗೇಲಿ ಮಾಡಿ ನಗುವರು. ಅವರಿಗೆ ಅಷ್ಟೇ ಸಾಕಾಗುತ್ತಿತ್ತು.

ಜುಮಿಯೆಮ್ ಹನ್ನೆರಡು ದಿನದ ಜ್ವರದಲ್ಲಿ ಹೋದಳು. ಮಕ್ಕಳಿರಲಿಲ್ಲ. ಏಳನೆಯ ದಿನದ, ನಲವತ್ತನೆಯ ದಿನದ ಪ್ರಾರ್ಥನೆಗೆ ಊರೆಲ್ಲ ಬಂದು ಉಂಡು ಹೋಯಿತು. ಆಮೇಲೆ ಆ ಮೂವರು ಹೆಂಗಸರು ತಮ್ಮ ಬಟ್ಟೆ ಹರಡುವ ಚೌಕಟ್ಟುಗಳನ್ನು ಹೊತ್ತುಕೊಂಡು ಕೆಳಗಿನ ಕೇರಿಯ ಇನ್ನೊಂದು ಮನೆಗೆ ಹೋದರು. ಅವರ ತಪ್ಪೇನೂ ಇಲ್ಲ. ಗಂಡಸೊಬ್ಬನೇ ಇರುವ ಮನೆಯ ಜಗಲಿಯಲ್ಲಿ ಕೂರುವುದು ಹೇಗೆ? ಒಲೆ ತಣ್ಣಗಾಯಿತು. ಅಂಗಡಿಯಿಂದ ಇಡೀ ದಿನ ಕೇಳಿಬರುತ್ತಿದ್ದದ್ದು, “ಹಿಂದಿನದಾ, ಮುಂದಿನದಾ?” “ಗಾಳಿ ಸಾಕಾ?” ಇಷ್ಟೇ. ನಾನು ಒಮ್ಮೊಮ್ಮೆ ಎಣಿಸುತ್ತಿದ್ದೆ. ಕೆಲವು ದಿನ ಆ ಮನುಷ್ಯ ಇಪ್ಪತ್ತು ಪದಕ್ಕಿಂತ ಹೆಚ್ಚು ಆಡುತ್ತಿರಲಿಲ್ಲ.

ಆಗ ಬಂದವನು ಗಲೀಹ್. ಜೋಗ್ಜಾ ಪಟ್ಟಣದ ಇಂಜಿನಿಯರು, ಮೈಗೆ ಅಂಟಿದ ಹಳದಿ ಬಟ್ಟೆ, ನಮ್ಮ ಮಾಂಗುನಾನ್ ಬೆಟ್ಟದ ಏರನ್ನು ಸೈಕಲ್ಲಿನಲ್ಲಿ ಹತ್ತುವುದಕ್ಕೆಂದೇ ಭಾನುವಾರ ಬೆಳಿಗ್ಗೆ ತನ್ನಂಥವರ ಹಿಂಡನ್ನು ಕಟ್ಟಿಕೊಂಡು ಬರುವವನು.

“ಪಾಕ್, ನೀವು ಚೈನಿಗೆ ಮೇಣ ಹಿಡಿಸ್ತೀರಾ?” ಎಂದು ಕೇಳಿದ, ದೊಡ್ಡವರನ್ನು ಕರೆಯುವ ಮರ್ಯಾದೆಯ ಪಾಕ್ ಸೇರಿಸಿ.

“ಮೇಣಾನಾ? ಸೈಕಲ್ಲೇನು ಬಟ್ಟೇನೇನಪ್ಪಾ ಬತಿಕ್ ಬರಿಯೋಕೆ?”

ಹಿಂಡಿಗೆ ಹಿಂಡೇ ನಕ್ಕಿತು. ಗಲೀಹ್ ಮಾತ್ರ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತಾಳ್ಮೆಯಿಂದ ಹೇಳಿದ. ಒಣಗಾಲದಲ್ಲಿ ಎಣ್ಣೆ ಹಚ್ಚಿದ ಚೈನಿಗೆ ಧೂಳು ಮೆತ್ತಿಕೊಳ್ಳುತ್ತದೆ, ಎಣ್ಣೆ ಧೂಳು ಎರಡೂ ಸೇರಿ ಅರೆಯುವ ಕಲ್ಲಾಗುತ್ತದೆ, ಚೈನು ಸವೆಯುತ್ತದೆ. ಮೇಣ ಒಣಗಿಕೊಂಡಿರುವುದರಿಂದ ಧೂಳು ಹಿಡಿಯುವುದಿಲ್ಲ. ಆದರೆ ಮೊದಲು ಚೈನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಒಂದು ತೊಟ್ಟು ಎಣ್ಣೆಯೂ ಇರದ ಹಾಗೆ ಮಾಡಬೇಕು. ಆಮೇಲೆ ಕರಗಿದ ಮೇಣದಲ್ಲಿ ಮುಳುಗಿಸಿ ಆಡಿಸಬೇಕು, ಪ್ರತಿ ಕೊಂಡಿಯ ಒಳಗೆ ಮೇಣ ಹೊಗಬೇಕು.

“ಎಷ್ಟು ಹೊತ್ತು ಹಿಡಿಯುತ್ತೆ?” ಎಂದರು ಕಾಂಗ್.

“ಅದೇ ಕಷ್ಟ ಪಾಕ್. ಒಂದು ಗಂಟೆ ಕಾಯಬೇಕಾಗುತ್ತೆ.”

“ಕಾಯ್ತೀರಾ?”

“ಕಾಯದೆ ಇನ್ನೇನು? ಚೈನಿಲ್ಲದೆ ಹೊತ್ಕೊಂಡು ಹೋಗೋಕಾಗುತ್ತಾ?”

ಕಾಂಗ್ ಎದ್ದು ಒಳಗೆ ಹೋದವರು ಜುಮಿಯೆಮ್‌ಳ ಒಲೆ ತಂದು ಅಂಗಡಿಯ ಮುಂದೆಯೇ ಇಟ್ಟರು.

ಮೊದಲನೆಯ ಸಲ ಅವರು ಮಾಡಿದ ಎಡವಟ್ಟನ್ನು ಬತಿಕ್ ಊರಿನವರಲ್ಲದೆ ಬೇರೆ ಯಾರೂ ಮಾಡಲಾರರು. ಮನೆಯಲ್ಲಿ ಮೇಣವಿತ್ತಲ್ಲ, ಜುಮಿಯೆಮ್ ತಾನೇ ಹದ ಮಾಡಿಟ್ಟ ಕಂದು ಬಣ್ಣದ ಮೇಣ, ಒಂದು ಡಬ್ಬಿ ತುಂಬ. ಮೇಣವೆಂದರೆ ಮೇಣ ಎಂದುಕೊಂಡು ಅದನ್ನೇ ಕರಗಿಸಿ ಗಲೀಹ್‌ನ ಚೈನು ಅದ್ದಿ ಕೊಟ್ಟರು. ಮುಂದಿನ ಭಾನುವಾರ ಗಲೀಹ್ ಸೈಕಲ್ ತಂದು ಸುಮ್ಮನೆ ತೋರಿಸಿದ. ಚೈನಿನ ತುಂಬ ಮರಳು, ಒಣ ಹುಲ್ಲು, ಒಂದು ಕೋಳಿಪುಕ್ಕ.

“ಪಾಕ್, ದಾರಿ ಪೂರ್ತಿ ಗುಡಿಸ್ಕೊಂಡ್ ಬಂದಿದೆ ನಿಮ್ಮ ಮೇಣ.”

ನಾನು ಈಚೆ ಬದಿಯಲ್ಲಿ ಹೊಟ್ಟೆ ಹಿಡಿದು ನಕ್ಕೆ. ಬತಿಕ್ ಸಾಮಾನಿನ ಅಂಗಡಿಯ ಮುದುಕಿಯ ಹತ್ತಿರ ಕಾಂಗ್ ಹೋಗಿ ಕೇಳಿದಾಗ ಅವಳು ಚೆನ್ನಾಗಿ ಬೈದಳಂತೆ. “ಬಟ್ಟೆ ಮೇಲೆ ಗಟ್ಟಿಯಾಗಿ ಕೂರ್ಲಿ ಅಂತ ನಿನ್ನ ಹೆಂಡ್ತಿ ರಾಳ ಹಾಕಿರ್ತಾಳೆ. ನಿನ್ನ ಚೈನಿಗೆ ಅಂಟೋದೇ ಬೇಡ ತಾನೆ? ಬಿಳಿ ಮೇಣ ತಗೊಂಡು ಹೋಗು, ಬರೀ ಬಿಳೀದು.” ಅಂದಿನಿಂದ ಬಿಳಿ ಮೇಣ. ಜುಮಿಯೆಮ್‌ಳ ಡಬ್ಬಿಯ ಮುಚ್ಚಳ ಹಾಕಿ ಮೇಲಿನ ಹಲಗೆಯಲ್ಲಿಟ್ಟರು. ಅದರಿಂದ ಒಂದು ಚೂರು ದಂಡವಾಯಿತಲ್ಲ ಎಂದು ಬಹಳ ದಿನ ಕೊರಗಿದರು.

ಒಂದು ಹಲಗೆಯ ಮೇಲೆ ‘ರಾಂತೈ ಮಲಾಮ್’ ಎಂದು ಬರೆದು ನೇತುಹಾಕಿದರು. ನಮ್ಮ ಜಾವಾ ಮಾತಿನಲ್ಲಿ ಅದು ಮೇಣದ ಚೈನು. ಆದರೆ ಪಟ್ಟಣದವರ, ಸರ್ಕಾರದವರ ಭಾಷೆಯಲ್ಲಿ ಮಲಾಮ್ ಎಂದರೆ ರಾತ್ರಿ. ಜಕಾರ್ತದಿಂದ ಬಂದ ಒಬ್ಬ ಹೆಂಗಸು ಬೋರ್ಡಿನ ಮುಂದೆ ಸೈಕಲ್ ನಿಲ್ಲಿಸಿ, “ರಾತ್ರಿ ಚೈನು ಅಂದ್ರೇನು ಪಾಕ್? ಹಗಲಿಗೆ ಬೇರೆ ಚೈನಿರುತ್ತಾ?” ಎಂದಳು.

“ಹಗಲಿಗೂ ಇದೇ ನಡೆಯುತ್ತೆ ಅಮ್ಮಾ. ಕೂತ್ಕೊಳ್ಳಿ, ಹೇಳ್ತೀನಿ” ಎಂದರು ಕಾಂಗ್, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ. ಅವಳು ಕೂತಳು. ಬೋರ್ಡು ತಿದ್ದಿಸಿ ಎಂದು ಹತ್ತು ಜನ ಹೇಳಿದರು. ತಿದ್ದಿಸಲಿಲ್ಲ. ಅದನ್ನು ಓದಿ ನಗುವವರು ನಕ್ಕು ಮುಗಿಸುವುದಕ್ಕಾದರೂ ಒಂದು ಗಳಿಗೆ ನಿಲ್ಲುತ್ತಿದ್ದರು.

ಆ ಒಣಗಾಲ ಅವರ ಅಂಗಡಿಯ ಮುಂದೆ ಜನ ಇದ್ದರು. ಒಂದು ಉದ್ದದ ಬೆಂಚು ಮಾಡಿಸಿ ಹಾಕಿದ್ದರು. ಒಲೆಯ ಮೇಲೆ ನೀರಿನ ಪಾತ್ರೆ, ಅದರ ಮೇಲೆ ಮೇಣದ ಬಾಣಲೆ. ತೊಳೆದೊಣಗಿಸಿದ ಚೈನನ್ನು ತಂತಿಯ ಕೊಕ್ಕೆಗೆ ಸಿಕ್ಕಿಸಿ ಮೇಣಕ್ಕೆ ಇಳಿಬಿಟ್ಟರೆ ಒಳಗಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತಿತು ಎಂದರೆ ಕೊಂಡಿಗಳ ಒಳಗಿನ ಗಾಳಿಯೆಲ್ಲ ಹೋಗಿ ಮೇಣ ತುಂಬಿತು ಎಂದು. ಆಗಲೇ ಎತ್ತಬಾರದು, ಎತ್ತಿದರೆ ಎಲ್ಲ ಸೋರಿಹೋಗುತ್ತದೆ. ಮೇಲೆ ತೆಳ್ಳಗೆ ಕೆನೆ ಕಟ್ಟುವವರೆಗೆ ಆರಬೇಕು. ಎತ್ತಿ ನೇತುಹಾಕಿದ ಚೈನು ಕೋಲಿನ ಹಾಗೆ ಸೆಟೆದು ನಿಲ್ಲುತ್ತದೆ. ಅದನ್ನು ಒಂದು ಸರಳಿನ ಮೇಲೆ ಹಾಕಿ ಒಂದೊಂದೇ ಕೊಂಡಿಯನ್ನು ಬಗ್ಗಿಸಿ ಸಡಿಲ ಮಾಡಬೇಕು. ನೂರಕ್ಕೂ ಹೆಚ್ಚು ಕೊಂಡಿ, ಟಕ್ ಟಕ್ ಎಂದು ಸದ್ದು. ಅಷ್ಟು ಹೊತ್ತೂ ಬೆಂಚಿನವರು ತಮ್ಮ ಮೊಣಕಾಲ ನೋವು, ಮೇಲಧಿಕಾರಿಯ ಕಾಟ, ಮದುವೆಯಾಗದ ತಂಗಿ, ಎಲ್ಲವನ್ನೂ ಬಿಚ್ಚಿ ಹರಡುವರು. ಕಾಂಗ್ ಬಾಣಲೆಯ ಮೇಲೆ ಕಣ್ಣಿಟ್ಟು ಕೇಳುವರು, ನಡುವೆ ಒಂದು ಮಾತು ಎಸೆಯುವರು, ಎಲ್ಲರೂ ಅವರನ್ನು ಗೇಲಿ ಮಾಡಿ ನಗುವರು. ನನ್ನ ಕಷಾಯವೂ ಆಗ ಚೆನ್ನಾಗಿ ಖರ್ಚಾಗುತ್ತಿತ್ತು, ಇಲ್ಲವೆನ್ನಲಾರೆ.

ಯಾರೂ ಕಾಯದಿದ್ದಾಗ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಬೆಂಚು ತುಂಬಿದ್ದಾಗ ಒಂದೂಕಾಲು ಗಂಟೆ ಹಿಡಿಯುತ್ತದೆ ಎಂಬುದನ್ನು ನಾನು ಎರಡನೆಯ ವಾರಕ್ಕೇ ಕಂಡುಕೊಂಡೆ. ಮೇಣ ಬೇಗ ಕರಗದಿರಲಿ ಎಂದು ಕಾಂಗ್ ಒಲೆಯಿಂದ ಇದ್ದಿಲನ್ನು ಚಪ್ಪಲಿ ಕಾಲಿನಿಂದ ಮೆಲ್ಲಗೆ ಹೊರಗೆ ಸರಿಸುತ್ತಿದ್ದರು, ಕಳ್ಳ.

ಬೆಂಚು ಖಾಲಿಯಿದ್ದ ದಿನ ನಾನು ಈಚೆಯಿಂದ ಕೂಗುತ್ತಿದ್ದೆ. “ಕಾಂಗ್, ಬನ್ನಿ, ಬಿಸಿಯಿದೆ.”

“ಬಾಯಾರಿಕೆ ಇಲ್ಲ ಯೂ” ಎನ್ನುವರು.

ಬಾಯಾರಿಕೆ ಇಲ್ಲದಿದ್ದರೆ ಬರಬಾರದೇ? ಆ ಮನುಷ್ಯನ ತಲೆಯಲ್ಲಿ ಯಾರೂ ಯಾರ ಹತ್ತಿರವೂ ಕೆಲಸವಿಲ್ಲದೆ ಹೋಗುವುದಿಲ್ಲ. ತಮ್ಮ ಹತ್ತಿರ ಜನ ಬರುವುದು ಚೈನಿಗಾಗಿ, ಕೂರುವುದು ಮೇಣ ಇನ್ನೂ ಆರಿಲ್ಲವೆಂದು. ಪೊನಿರಿನ್‌ಗಾಗಿ ಬರುವವರಿರಬಹುದು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ನನಗೆ ಅದರಿಂದ ಬೇಜಾರಾಗುತ್ತಿತ್ತು. ಇಷ್ಟು ವರ್ಷ ಎದುರಿಗೆ ಕೂತವಳು ನಾನು, ಅವರ ಲೆಕ್ಕದಲ್ಲಿ ಜನವೇ ಅಲ್ಲವೇನೋ ಎನ್ನಿಸುತ್ತಿತ್ತು. ಹಾಗೆಂದು ನಾನಾಗಿ ರಸ್ತೆ ದಾಟಿ ಹೋಗಿ ಕೂತವಳೂ ಅಲ್ಲ. ಊರಿನ ಬಾಯಿ ಗೊತ್ತಿಲ್ಲವೇ.

ಮಳೆ ಶುರುವಾಯಿತು. ಪಟ್ಟಣದವರು ಬರುವುದು ಕಡಿಮೆಯಾಯಿತು. ಕಾಂಗ್‌ರ ಬೆಂಚು ಖಾಲಿ ಬಿತ್ತು. ಆಗ ಅವರು ಮಾಡಬಾರದ್ದು ಮಾಡಿದರು. ಮಳೆಗೆ ಮೇಣ ನಿಲ್ಲುವುದಿಲ್ಲ. ಎರಡು ಸಲ ಚೆನ್ನಾಗಿ ನೆನೆದರೆ ತೊಳೆದುಹೋಗಿ ಬರಿಯ ಉಕ್ಕು ಉಳಿಯುತ್ತದೆ, ಬೆಳಗಾಗುವುದರೊಳಗೆ ತುಕ್ಕು. ಮಳೆಗಾಲಕ್ಕೆ ಮಂದ ಎಣ್ಣೆಯೇ ಸರಿ ಎಂದು ಗಲೀಹ್ ಮೊದಲೇ ಹೇಳಿದ್ದ, ಕಾಂಗ್‌ಗೂ ಗೊತ್ತಿತ್ತು. ಆದರೂ ದಿನಾ ಬೆಳಿಗ್ಗೆ ಸೊಪ್ಪು ಹೇರಿಕೊಂಡು ಪೇಟೆಗೆ ಹೋಗುವ ಎಂಬಾಹ್ ಕಾರ್ತಿಯ ಸೈಕಲ್ಲಿಗೆ ಮೇಣ ಹಿಡಿಸಿದರು. ಎಂಬಾಹ್ ಎಂದರೆ ಅಜ್ಜಿ, ಎಪ್ಪತ್ತೆರಡು ವರ್ಷದವಳು. ಮಾತಿನಮಲ್ಲಿ. ಒಂದು ಗಂಟೆ ಬೆಂಚಿನ ಮೇಲೆ ಕೂತು ತನ್ನ ಮೂವರು ಸೊಸೆಯಂದಿರನ್ನೂ ಬೈದು ಮುಗಿಸಿದಳು. ವಾರಕ್ಕೇ ಚೈನು ಕಿರುಗುಟ್ಟಿತು, ಮತ್ತೆ ಬಂದಳು, ಮತ್ತೆ ಮೇಣ, ಮತ್ತೆ ಒಂದು ಗಂಟೆ. ಮೂರನೆಯ ಸಲ ತುಕ್ಕು ಹಿಡಿದ ಕೊಂಡಿ ದಾರಿಯಲ್ಲೇ ಸಿಕ್ಕಿಕೊಂಡು ಚೈನು ಕಳಚಿ ಚಕ್ರಕ್ಕೆ ಸುತ್ತಿಕೊಂಡಿತು. ಎಂಬಾಹ್ ಕಾರ್ತಿ ಮೂರು ಕಿಲೋಮೀಟರು ಜಡಿಮಳೆಯಲ್ಲಿ ಹಿಂದಿನ ಚಕ್ರ ಎತ್ತಿ ಹಿಡಿದು, ಸೊಪ್ಪಿನ ಬುಟ್ಟಿಯ ಸಮೇತ ನಡೆದು ಬಂದಳು. ನನ್ನ ಅಂಗಡಿಯ ಮುಂದೆ ಕುಸಿದಳು. ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ರಸ್ತೆ ದಾಟಿದೆ. ಅವರ ಅಂಗಡಿಯಲ್ಲಿ ಆಗ ಇಬ್ಬರು ಗಿರಾಕಿಗಳಿದ್ದರು, ಅದೂ ನನ್ನ ಕಣ್ಣಿಗೆ ಬೀಳಲಿಲ್ಲ.

“ಏನೋ, ಬುದ್ಧಿ ಇದೆಯೇನೋ ನಿನಗೆ?” ಎಂದೆ. ಅಷ್ಟು ವರ್ಷಗಳ ಬಹುವಚನ ಒಂದೇ ಏಟಿಗೆ ಹೋಯಿತು. “ಮಳೇಲಿ ಮೇಣ ನಿಲ್ಲಲ್ಲ ಅಂತ ನಿನಗೆ ಗೊತ್ತಿಲ್ವಾ? ಗೊತ್ತಿದ್ದೇ ಮಾಡ್ದೆ! ಮುದುಕಿ ವಾರ ವಾರ ಬಂದು ಇಲ್ಲಿ ಕೂರ್ಲಿ ಅಂತ ಮಾಡ್ದೆ! ನಿನಗೆ ಮಾತಾಡೋಕೆ ಜನ ಬೇಕು ಅಂತ ಅವಳ ಕಾಲು ಮುರೀತೀಯಾ? ಭಿಕ್ಷೆ ಬೇಡೋನು ಬಾಯಿಬಿಟ್ಟು ಬೇಡ್ತಾನೆ, ನೀನು ಮೋಸ ಮಾಡಿ ಕೂರಿಸ್ಕೋತೀಯ!”

ಕೊನೆಯ ಮಾತು ಆಡಬಾರದಿತ್ತು. ಆಡಿದ ಮೇಲೆ ತಿಳಿಯಿತು. ಕಾಂಗ್ ನನ್ನ ಮುಖ ನೋಡಲಿಲ್ಲ. ಇಬ್ಬರು ಗಿರಾಕಿಗಳೂ ಮಳೆಯನ್ನು ನೋಡುತ್ತ ನಿಂತರು. ಕಾಂಗ್ ಬಗ್ಗಿ ಒಲೆಯ ಬೆಂಕಿಗೆ ನೀರು ಹಾಕಿ, ಮೂಲೆಯಲ್ಲಿದ್ದ ಎಣ್ಣೆಯ ಡಬ್ಬಿ ಹುಡುಕಿ ತೆಗೆದುಕೊಂಡು, ಎಂಬಾಹ್ ಕಾರ್ತಿಯ ಸೈಕಲ್ ತಳ್ಳುತ್ತ ಮಳೆಯಲ್ಲೇ ಅವಳ ಜೊತೆ ಅವಳ ಮನೆಗೆ ಹೋದರು. ಹೊಸ ಚೈನು ಹಾಕಿ, ಎಣ್ಣೆ ಬಿಟ್ಟು, ದೊಡ್ಡವರಿಗೆ ಆಡುವ ಗೌರವದ ಜಾವಾ ಮಾತಿನಲ್ಲಿ ತಪ್ಪಾಯಿತು ಎಂದು ಕೈಮುಗಿದರಂತೆ. ಅಜ್ಜಿಯೇ ಬಂದು ನನಗೆ ಹೇಳಿದಳು. “ನೀನ್ಯಾಕೆ ಅವನನ್ನ ಬೈದೆಯೇ? ನನಗೂ ಮನೇಲಿ ಯಾರು ಮಾತಾಡಿಸ್ತಾರೆ? ನಾನು ಇಷ್ಟಪಟ್ಟೇ ಕೂರ್ತಿದ್ದೆ” ಎಂದಳು. ನಾನು ಅವಳಿಗೊಂದು ಲೋಟ ಕಷಾಯ ಬಗ್ಗಿಸಿಕೊಟ್ಟೆ.

ಅಂದಿನಿಂದ ಕಾಂಗ್ ಯಾರು ಬಂದರೂ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು. “ಮಳೇಲಿ ಓಡಿಸ್ತೀರಾ?” ಹೌದೆಂದರೆ ಎಣ್ಣೆ. ಎರಡು ನಿಮಿಷ. ಗಿರಾಕಿ ಹೊರಟುಹೋಗುವನು.

ಒಣಗಾಲ ಬರಲಿ, ಗಲೀಹ್‌ನ ಹಿಂಡು ಬರಲಿ, ಎಲ್ಲ ಸರಿಹೋಗುತ್ತದೆ ಎಂದು ನಾನು ಕಾದೆ. ಒಣಗಾಲವೂ ಬಂತು, ಗಲೀಹ್ ಕೂಡ ಬಂದ. ಬರುವಾಗ ಒಂದು ಚೀಲ ತುಂಬ ಹೊಸ ಚೈನು ತಂದಿದ್ದ.

“ಪಾಕ್, ಒಂದು ಉಪಾಯ ಮಾಡಿದೀವಿ. ಇನ್ಮೇಲೆ ಒಬ್ಬೊಬ್ಬರಿಗೂ ಎರಡೆರಡು ಚೈನು. ಒಂದು ಸೈಕಲ್ಲಲ್ಲಿ, ಒಂದು ನಿಮ್ಮ ಹತ್ರ. ನೀವು ಬಿಡುವಾದಾಗ ಮೇಣ ಹಿಡಿಸಿ ನೇತುಹಾಕಿರಿ. ನಾವು ಬಂದು ಬದಲಾಯಿಸ್ಕೊಂಡು ಹೋಗ್ತಾ ಇರ್ತೀವಿ. ನಿಮಗೂ ಅವಸರ ಇಲ್ಲ, ನಮಗೂ ಕಾಯೋದು ತಪ್ಪುತ್ತೆ.”

“ಒಳ್ಳೇದಾಯ್ತು ಮಾಸ್, ತಮ್ಮಾ” ಎಂದರು ಕಾಂಗ್.

ಹುಡುಗ ಕೆಟ್ಟವನಲ್ಲ. ಮುದುಕನಿಗೆ ಅನುಕೂಲವಾಗಲಿ ಎಂದೇ ಯೋಚಿಸಿದ್ದ. ಇಲ್ಲ ಮಾಸ್, ನೀವು ಕಾಯುವುದೇ ನನಗೆ ಬೇಕಾದದ್ದು ಎಂದು ಕಾಂಗ್ ಬಾಯಿಬಿಟ್ಟು ಹೇಳಬಹುದಿತ್ತು. ಹಾಗೆ ಬಾಯಿಬಿಟ್ಟು ಬೇಡುವುದನ್ನು ಭಿಕ್ಷೆ ಎಂದವಳು ನಾನೇ.

ಗೋಡೆಗೆ ಹದಿನಾಲ್ಕು ಮೊಳೆ ಹೊಡೆದರು, ಮೊಳೆಗೊಂದು ಹೆಸರು ಬರೆದರು, ಹದಿನಾಲ್ಕು ಚೈನು ನೇತಾಡಿದವು. ಭಾನುವಾರ ಬೆಳಿಗ್ಗೆ ಹಿಂಡು ಬರುವುದು, ಸೈಕಲ್ಲಿನಿಂದ ಇಳಿಯುವುದು, ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕುವುದು, “ಮತೂರ್‌ನುವುನ್ ಪಾಕ್!” ಎಂದು ವಂದನೆ ಹೇಳಿ ಏರಿನ ಕಡೆ ಹೊರಡುವುದು. ಬೆಂಚಿನ ಮೇಲೆ ಒಬ್ಬರೂ ಕೂರಲಿಲ್ಲ. ಉಳಿದ ಆರು ದಿನ ಕಾಂಗ್ ಒಬ್ಬರೇ ಬಾಣಲೆಯ ಮುಂದೆ. ಈಗ ಇದ್ದಿಲು ಹೊರಗೆ ಸರಿಸುವುದಿಲ್ಲ. ಕೆಲಸ ಮೊದಲಿಗಿಂತ ಚೊಕ್ಕ. ಪಟ್ಟಣದಲ್ಲೆಲ್ಲ ಅವರ ಹೆಸರಾಯಿತು ಎಂದರು, ಮೊಳೆಗಳು ಇಪ್ಪತ್ತೆರಡಾದವು. ಒಂದು ದಿನ ಬೆಂಚನ್ನು ಎತ್ತಿ ಒಳಗಿಟ್ಟು ಅದರ ಮೇಲೆ ಟೈರು ಪೇರಿಸಿದರು. ನಾನು ನೋಡುತ್ತಲೇ ಇದ್ದೆ.

ಹೋಗಿ ಅವರ ಹತ್ತಿರ ಕೂರಬೇಕು ಎಂದು ಅಂದೇ ಅಂದುಕೊಂಡೆ. ಹೋಗಲಿಲ್ಲ. ನನ್ನ ಜಂಬ ಸಣ್ಣದಲ್ಲ. ಬೈದವಳು ತಾನಾಗಿ ಹೇಗೆ ಹೋಗುವುದು, ಹೋಗಿ ಏನೆನ್ನುವುದು, ಯಾರಾದರೂ ಕಂಡರೆ ಏನೆಂದಾರು, ಹೀಗೇ ಆ ಒಣಗಾಲ ಪೂರ್ತಿ ಕಳೆಯಿತು. ಕೊನೆಗೆ ನನಗೊಂದು ದಾರಿ ಹೊಳೆಯಿತು. ನನ್ನ ಹಿತ್ತಲಲ್ಲಿ ಹಳೆಯದೊಂದು ಸೈಕಲ್ಲಿತ್ತು. ಅದನ್ನು ನೀರು ಹೊಯ್ದು ತೊಳೆದು, ಒಂದು ಮಧ್ಯಾಹ್ನ ಒಲೆಯ ಮೇಲಿನ ಕಷಾಯ ಇಳಿಸಿಟ್ಟು, ತಳ್ಳಿಕೊಂಡು ರಸ್ತೆ ದಾಟಿದೆ. ಆ ವಾರವೇ ಮೊದಲ ಮಳೆ ಬಿದ್ದಿತ್ತು. ಮೋಡ ಕವಿದಿತ್ತು. ಅದು ನನ್ನ ತಲೆಗೆ ಬರಲೇ ಇಲ್ಲ.

ಕಾಂಗ್ ಒಬ್ಬರೇ ಇದ್ದರು. ಬಾಣಲೆಯಲ್ಲಿ ಮೇಣ ಕರಗಿತ್ತು. ಯಾರದೋ ಚೈನು ಅದರಲ್ಲಿತ್ತು.

“ಕಾಂಗ್, ಇದಕ್ಕೆ ಮೇಣ ಹಿಡಿಸಿಕೊಡಿ” ಎಂದೆ.

ಅವರು ಸೈಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. “ಮತ್ತೆ ಓಡಿಸೋಕೆ ಶುರು ಮಾಡಿದ್ರಾ ಯೂ?”

“ಹೂಂ. ಪೇಟೆಗೆ. ದಿನಾ ಹೋಗ್ಬೇಕು.” ಬಾಯಿಗೆ ಬಂದದ್ದು ಹೇಳಿದೆ.

“ಮಳೇಲೂ?”

“ಹೂಂ, ಮಳೇಲೂ.”

“ಹಾಗಾದ್ರೆ ಮೇಣ ಬೇಡ. ಎಣ್ಣೆ ಬಿಡ್ತೀನಿ.”

“ಪರವಾಗಿಲ್ಲ ಕಾಂಗ್. ಮೇಣವೇ ಇರ್ಲಿ. ನಾನು ಕಾಯ್ತೀನಿ, ನನಗೇನೂ ಅವಸರ ಇಲ್ಲ.”

ಅವರು ಮೆಲ್ಲಗೆ ತಲೆಯಾಡಿಸಿದರು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ಜಗಳವಾಡಿಯಾದರೂ ಅರ್ಧ ಗಂಟೆ ಅಲ್ಲಿ ನಿಲ್ಲುತ್ತಿದ್ದೆ. “ಬೇಡ ಯೂ. ಅವತ್ತು ನೀವು ಹೇಳಿದ್ದು ಸರಿ. ನೀವು ಹೇಳ್ದೇ ಇದ್ದಿದ್ರೆ ನಾನು ಹಾಗೇ ಮಾಡ್ತಿದ್ದೆ. ನಿಮಗೆ ನಾನು ಮೋಸ ಮಾಡಲ್ಲ. ಕಾಯೋ ಕೆಲಸಾನೇ ಇಲ್ಲ, ಈಗ ಮುಗಿಯುತ್ತೆ.”

ಚೈನಿನ ಮೇಲಿನ ತಗಡಿನ ಮುಚ್ಚಳ ತೆಗೆದು, ಪೆಡಲ್ ಹಿಂದಕ್ಕೆ ತಿರುಗಿಸುತ್ತ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟರು, ಚಿಂದಿಯಿಂದ ಒರೆಸಿದರು, ಮುಚ್ಚಳ ಹಾಕಿದರು. “ಆಯ್ತು.”

“ಇನ್ನೂ ಕಿರ್ ಅಂತಿದೆ ಕಾಂಗ್.”

ಅವರು ನೆಲಕ್ಕೆ ಮೊಣಕಾಲೂರಿ, ಕಿವಿಯನ್ನು ಚೈನಿನ ಹತ್ತಿರ ತಂದು, ಪೆಡಲ್ ತಿರುಗಿಸಿ ಕೇಳಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

“ಇಲ್ಲ ಯೂ. ಏನೂ ಸದ್ದಿಲ್ಲ” ಎಂದರು. “ಹೊರಡಿ, ಹನಿ ಶುರುವಾಯ್ತು. ಅಂಗಡಿ ತೆರೆದಿಟ್ಟು ಬಂದಿದೀರಿ.”

ಹೇಳಿ ಬಾಣಲೆಯ ಕಡೆ ತಿರುಗಿದರು. ಗುಳ್ಳೆ ನಿಂತಿತ್ತು. ನಾನು ಸೈಕಲ್ ತಳ್ಳಿಕೊಂಡು ರಸ್ತೆ ದಾಟಿ ಬಂದೆ. ಈ ಊರಿನಲ್ಲಿ ಯಾರ ಮುಖಕ್ಕೆ ಏನು ಹೇಳುವುದಕ್ಕೂ ಹಿಂದೆಮುಂದೆ ನೋಡಿದವಳಲ್ಲ ನಾನು. ‘ಸುಮ್ಮನೆ ಕೂರೋಕೆ ಬಂದೆ’ ಎನ್ನುವ ಮೂರು ಪದ ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ.